ಒಂದೇ ಉದ್ದಿಮೆ, ಎರಡು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

"ಹೆಂಗಸರು ನಡೆಸುವ ಸಣ್ಣ ಉದ್ದಿಮೆ ಯಾಕೆ ಬೆಳೆಯುವುದಿಲ್ಲ?" ಬೆಳಗಿನಿಂದ ಇದೇ ಮಾತು ಕೇಳುತ್ತಿದ್ದೇವೆ. ನನ್ನ ತಕರಾರು ಇರುವುದೇ ಈ ಪ್ರಶ್ನೆಯ ಮೇಲೆ. ನೀವು ಅಳೆದದ್ದು ವಹಿವಾಟನ್ನೋ, ಹಾಕಿದ ಬಂಡವಾಳಕ್ಕೆ ಬಂದ ಲಾಭವನ್ನೋ? ಕಡಿಮೆ ದುಡ್ಡಿನಲ್ಲಿ, ಪೈಪೋಟಿ ಜಾಸ್ತಿಯಿರುವ ಕಸುಬಿನಲ್ಲಿ, ಮನೆಗೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಶುರು ಮಾಡಿದವಳ ವಹಿವಾಟು ಚಿಕ್ಕದೇ ಇರುತ್ತದೆ. ಅದನ್ನು ಅವಳ ನಾಯಕತ್ವದ ಖಾತೆಗೆ ಬರೆಯಬೇಡಿ.

ಅಮೆರಿಕದ ಇಂಡಿಯಾನಾದಲ್ಲಿ ಕ್ಯಾಲೆಬರ್ಗ್ ಮತ್ತು ಲೈಕ್ಟ್ ಎಂಬ ಸಮಾಜಶಾಸ್ತ್ರಜ್ಞರು 411 ಸಣ್ಣ ಉದ್ದಿಮೆಗಳನ್ನು ಬೆನ್ನುಹತ್ತಿ ನೋಡಿ, 1991ರಲ್ಲಿ ಪ್ರಕಟಿಸಿದರು. ಹೆಂಗಸರ ಉದ್ದಿಮೆಗಳು ಹೆಚ್ಚು ಮುಚ್ಚಿಹೋಗಲಿಲ್ಲ, ಯಶಸ್ಸಿನಲ್ಲೂ ಹಿಂದೆ ಬೀಳಲಿಲ್ಲ.

ಇನ್ನು ನಾಯಕತ್ವದ ಶೈಲಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಆಲಿಸ್ ಈಗ್ಲಿ ಮತ್ತು ಸಂಗಡಿಗರು 2003ರಲ್ಲಿ 45 ಅಧ್ಯಯನಗಳನ್ನು ಒಟ್ಟಿಗೆ ತೂಗಿದರು. ಕೆಲಸಗಾರರನ್ನು ಹುರಿದುಂಬಿಸಿ ಬೆಳೆಸುವ ಶೈಲಿ ಹೆಂಗಸರಲ್ಲಿ ತುಸು ಹೆಚ್ಚು ಕಂಡಿತು. ತುಸುವೇ. ನಮ್ಮ ವೇದಿಕೆಗಳಲ್ಲಿ ಅದು ಬೆಟ್ಟವಾಗಿಬಿಡುತ್ತದೆ: "ಹೆಣ್ಣು ತಾಯಿಯಂತೆ ನಡೆಸುತ್ತಾಳೆ." ಈ ಹೊಗಳಿಕೆ ನನಗೆ ಬೇಡ. ಸರಿಯಾಗಿ ಕೆಲಸ ಮಾಡದವನನ್ನು ತೆಗೆದುಹಾಕಿದ ದಿನ ಅದೇ ಹೊಗಳಿಕೆ ಅವಳ ಕೊರಳಿಗೆ ಉರುಳಾಗುತ್ತದೆ. ಗಂಡಸು ಗದರಿದರೆ ಖಡಕ್ ಮನುಷ್ಯ, ಅವಳು ಗದರಿದರೆ ಬಜಾರಿ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅನುಭವಿಸಿದವರೇ ಇರಬೇಕು!

ಐದು ಜನ ದುಡಿಯುವ ಜಾಗದಲ್ಲಿ, ಯಾವ ರಟ್ಟಿನ ಪೆಟ್ಟಿಗೆಯ ತಳ ಬಿಚ್ಚಿಕೊಳ್ಳುತ್ತದೆ ಅನ್ನುವುದು ಪ್ಯಾಕ್ ಮಾಡುವವನಿಗೆ ಗೊತ್ತು. ಅವನನ್ನು ಕೇಳುವ ಮಾಲೀಕ ನಷ್ಟ ತಪ್ಪಿಸಿಕೊಳ್ಳುತ್ತಾನೆ, ಕೇಳುವ ಮಾಲೀಕಳೂ ಅಷ್ಟೇ. ಕೇಳುವುದನ್ನು ಯಾರು ಬೇಕಾದರೂ ಕಲಿಯಬಹುದು.

ನಾನು ಹೋದಲ್ಲೆಲ್ಲ ಹೇಳುವ ಒಂದು ಸಂಗತಿ ಇದೆ, ಕೇಳಿದವರು ಕ್ಷಮಿಸಿ. ನ್ಯೂಯಾರ್ಕಿನಲ್ಲಿ ಹೊಸ ಕಂಪನಿಗಳ ಸ್ಪರ್ಧೆ. ಹೂಡಿಕೆದಾರರು ಕೇಳಿದ ಪ್ರಶ್ನೆಗಳನ್ನು ಸಂಶೋಧಕಿ ಡಾನಾ ಕಾನ್ಜೆ ಮತ್ತು ಸಂಗಡಿಗರು ಒಂದೊಂದಾಗಿ ವಿಂಗಡಿಸಿದರು. ಗಂಡಸರಿಗೆ ಕೇಳಿದ್ದರಲ್ಲಿ ಶೇ. 67 "ಎಷ್ಟು ಬೆಳೆಸುತ್ತೀರಿ" ಅನ್ನುವ ಬಗೆಯವು. ಹೆಂಗಸರಿಗೆ ಕೇಳಿದ್ದರಲ್ಲಿ ಶೇ. 66 "ಮುಳುಗದಂತೆ ಹೇಗೆ ಕಾಯುತ್ತೀರಿ" ಅನ್ನುವ ಬಗೆಯವು. ಹೂಡಿಕೆದಾರರಲ್ಲಿ ಹೆಂಗಸರೂ ಇದ್ದರು, ಅವರೂ ಹಾಗೆಯೇ ಕೇಳಿದರು! ಕಾಯುವ ಪ್ರಶ್ನೆ ಬಂದವರಿಗೆ ಸಿಕ್ಕ ಹಣ ಬಹಳ ಕಡಿಮೆ. ಕಾಯುವ ಪ್ರಶ್ನೆಗೆ ಬೆಳೆಸುವ ಉತ್ತರ ಕೊಟ್ಟವರಿಗೆ ಮಾತ್ರ ಹೆಚ್ಚು ದಕ್ಕಿತು. ಈಗ ಹೇಳಿ, ಬಂಡವಾಳವೇ ಕಡಿಮೆ ಬಂದ ಮೇಲೆ ವಹಿವಾಟು ಎಲ್ಲಿಂದ ದೊಡ್ಡದಾಗಬೇಕು? ಮತ್ತೆ ನನ್ನ ಮೊದಲ ತಕರಾರಿಗೇ ಬಂದೆ.

ಹೊತ್ತಾಯಿತೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಕುಟುಂಬದ ಉದ್ದಿಮೆಯಲ್ಲಿ ಸೊಸೆಯಂದಿರ ಲೆಕ್ಕಕ್ಕೆ ಬಾರದ ದುಡಿಮೆಯ ಮಾತನ್ನು ಬಿಡುತ್ತಿದ್ದೇನೆ. ಸಾಲ ಮಂಜೂರು ಮಾಡುವವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ನಿಮ್ಮ ಅರ್ಜಿ ನಮೂನೆಯಲ್ಲಿ ಬೆಳೆಸುವ ಪ್ರಶ್ನೆ, ಕಾಯುವ ಪ್ರಶ್ನೆ ಎರಡನ್ನೂ ಅಚ್ಚು ಹಾಕಿಸಿ, ಎಲ್ಲರಿಗೂ ಎರಡನ್ನೂ ಕೇಳಿ.