ಸುಲ್ತಾನ್‌ತೆಪೆ ಗುಡ್ಡದ ಮರದ ಮನೆ

ನಮಸ್ಕಾರ ಕೇಳುಗರೇ.

ಇಸ್ತಾಂಬುಲ್ ಅಂದ ಕೂಡಲೇ ದೊಡ್ಡ ಗುಮ್ಮಟ, ಸೂಜಿಯಂಥ ಮಿನಾರು ಕಣ್ಮುಂದೆ ಬರುತ್ತವೆ, ಅಲ್ವಾ? ಇವತ್ತಿನ ಜಾಗ ಹಾಗಿಲ್ಲ. ಬಾಸ್ಫರಸ್ ಜಲಸಂಧಿಯ ಏಷ್ಯಾ ಕಡೆಯ ದಡದಲ್ಲಿ ಉಸ್ಕುದಾರ್ ಅಂತ ಊರು, ಅಲ್ಲೊಂದು ಗುಡ್ಡ, ಸುಲ್ತಾನ್‌ತೆಪೆ. ಗುಡ್ಡದ ಮೇಲೆ ಮರದ ಮನೆಯಂಥ ಕಟ್ಟಡ. ಹೆಸರು ಓಝ್ಬೆಕ್ಲರ್ ಟೆಕ್ಕೆಸಿ. ಉಜ್ಬೇಕರ ಸೂಫಿ ಮಠ ಅನ್ನಿ.

1750ರ ದಶಕದ ಆರಂಭದಲ್ಲಿ ಮರಾಶ್ ಪ್ರಾಂತ್ಯದ ಅಧಿಕಾರಿ ಅಬ್ದುಲ್ಲಾ ಪಾಶಾ ಇದನ್ನು ಕಟ್ಟಿಸಿದರು. 1844ರಲ್ಲಿ ಮತ್ತೆ ಹೊಸದಾಗಿ ಕಟ್ಟಲಾಯಿತು. ಮಧ್ಯ ಏಷ್ಯಾದ ಬುಖಾರಾ, ಸಮರ್ಖಂಡದ ಕಡೆಯಿಂದ ಹಜ್‌ಗೆ ಹೊರಟವರು ಇಸ್ತಾಂಬುಲ್ ಹಾದು ಹೋಗುತ್ತಿದ್ದರು. ತಿಂಗಳುಗಟ್ಟಲೆ ದಾರಿ ಸವೆಸಿ ಬಂದವರಿಗೆ ಬೇಕಾದದ್ದು ಒಂದು ಸೂರು, ಹೊಟ್ಟೆಗೆ ಊಟ. ಇಲ್ಲಿನ ಉಜ್ಬೆಕ್ ಪಲಾವಿಗೆ ಊರಲ್ಲೆಲ್ಲ ಹೆಸರಿತ್ತು. ನಮಾಜು ಮಾಡುವ ಕೋಣೆಯಲ್ಲೇ ದೇವರ ನಾಮಸ್ಮರಣೆಯೂ ನಡೆಯುತ್ತಿತ್ತು. ಬೇರೆ ಬೇರೆ ಮಾಡುವಷ್ಟು ದೊಡ್ಡ ಜಾಗವೂ ಅಲ್ಲ.

ನನಗೆ ಜಾಸ್ತಿ ಇಷ್ಟ ಆಗುವುದು ಇಲ್ಲಿನ ಶೇಖ್, ಅಂದರೆ ಮಠದ ಗುರು, ಎಧೆಮ್ ಎಫೆಂದಿ. 1829ರಲ್ಲಿ ಹುಟ್ಟಿ 1904ರಲ್ಲಿ ತೀರಿಕೊಂಡವರು. ಬಡಗಿ ಕೆಲಸ, ಯಂತ್ರದ ಕೆಲಸ ಎಲ್ಲಕ್ಕೂ ಕೈ ಹಾಕುತ್ತಿದ್ದರು, ಜನ ಅವರನ್ನು 'ಹೆಝಾರ್‌ಫೆನ್' ಅನ್ನುತ್ತಿದ್ದರು, ಸಾವಿರ ವಿದ್ಯೆ ಬಲ್ಲವ ಅಂತ. ಅಪ್ಪ ಸಾದಿಕ್ ಎಫೆಂದಿ ಬುಖಾರಾದಲ್ಲಿ ಕಲಿತು ತಂದಿದ್ದ 'ಎಬ್ರು' ಕಲೆಯನ್ನು ಇವರು ಮುಂದುವರಿಸಿದರು. ತಟ್ಟೆಯಲ್ಲಿ ಅಂಟು ಕದಡಿದ ಮಂದ ನೀರು, ಅದರ ಮೇಲೆ ಎತ್ತಿನ ಪಿತ್ತರಸ ಬೆರೆಸಿದ ಬಣ್ಣ. ಗುಲಾಬಿ ಕಡ್ಡಿಗೆ ಕುದುರೆ ಕೂದಲು ಕಟ್ಟಿದ ಕುಂಚವನ್ನು ಬೆರಳಿಗೆ ತಟ್ಟಿದರೆ ಹನಿಗಳು ಬಿದ್ದು ನೀರಿನ ಮೇಲೆ ಅಗಲವಾಗಿ ಹರಡಿಕೊಳ್ಳುತ್ತವೆ, ಆಗ ಮೆಲ್ಲಗೆ ಕಾಗದ ಹಾಸಿ ಎತ್ತಬೇಕು. ಒಂದರಂತೆ ಇನ್ನೊಂದು ಬರುವುದೇ ಇಲ್ಲ. ಅಂದ ಹಾಗೆ, 17ನೇ ಶತಮಾನದಲ್ಲಿ ನಮ್ಮ ಬಿಜಾಪುರದ ಚಿತ್ರಕಾರರೂ ಇಂಥ ಬಣ್ಣದ ಕಾಗದ ಬಳಸಿ ಚಿತ್ರ ಮಾಡುತ್ತಿದ್ದರು!

ಎಧೆಮ್ ಅವರ ಶಿಷ್ಯ ನೆಜ್ಮೆದ್ದಿನ್ ಒಕ್ಯಾಯ್ ಆ ನೀರಿನ ಮೇಲೆ ಹೂಗಳನ್ನೇ ಅರಳಿಸಿದರು. ಅವರ ಶಿಷ್ಯ ಮುಸ್ತಫಾ ದುಝ್ಗುನ್‌ಮಾನ್ ಉಸ್ಕುದಾರ್‌ನಲ್ಲೇ ಗಂಧಿಗೆ ಅಂಗಡಿ ಇಟ್ಟುಕೊಂಡಿದ್ದವರು.

1920ರಲ್ಲಿ ಮಿತ್ರರಾಷ್ಟ್ರಗಳ ಸೇನೆ ಇಸ್ತಾಂಬುಲನ್ನು ವಶಕ್ಕೆ ತೆಗೆದುಕೊಂಡಾಗ, ತುರ್ಕಿಯ ಒಳನಾಡು ಅನಾತೋಲಿಯಾದಲ್ಲಿ ನಡೆಯುತ್ತಿದ್ದ ಸ್ವಾತಂತ್ರ್ಯ ಹೋರಾಟ ಸೇರಲು ಹೊರಟವರು ಗುಟ್ಟಾಗಿ ಈ ಮನೆಯಲ್ಲಿ ತಂಗಿ ಮುಂದೆ ಹೋದರು. ಲೇಖಕಿ ಹಾಲಿದೆ ಎದಿಬ್ ಹೋದದ್ದು ಹೀಗೆ. ಮುಂದೆ ತುರ್ಕಿಯ ಅಧ್ಯಕ್ಷರಾದ ಇಸ್ಮೆತ್ ಇನೋನು ಕೂಡ. ಆಗ ಶೇಖ್ ಆಗಿದ್ದವರು ಅತಾ ಎಫೆಂದಿ. ಇಷ್ಟಾದರೂ, 1925ರಲ್ಲಿ ಹೊಸ ಗಣರಾಜ್ಯ ಎಲ್ಲ ಟೆಕ್ಕೆಗಳನ್ನೂ ಕಾನೂನು ತಂದು ಮುಚ್ಚಿಸಿದಾಗ ಇದಕ್ಕೂ ವಿನಾಯಿತಿ ಸಿಗಲಿಲ್ಲ. ಒಂದು ಕಾಲಕ್ಕೆ ತಾನೇ ಬಚ್ಚಿಟ್ಟು ಕಾಪಾಡಿದವರ ಸರ್ಕಾರ ಅದು!

ಪಕ್ಕದಲ್ಲೊಂದು ಸಣ್ಣ ಸ್ಮಶಾನ ಇದೆ. ಅಮೆರಿಕದಲ್ಲಿ ತುರ್ಕಿಯ ರಾಯಭಾರಿಯಾಗಿದ್ದ ಮುನೀರ್ ಎರ್ತೆಗುನ್ ಈ ಶೇಖರ ಮನೆತನದವರು. 1944ರಲ್ಲಿ ವಾಷಿಂಗ್ಟನ್‌ನಲ್ಲಿ ತೀರಿಕೊಂಡರು. ಅವರ ದೇಹವನ್ನು 1946ರಲ್ಲಿ ಮಿಝೂರಿ ಯುದ್ಧನೌಕೆಯಲ್ಲಿ ತಂದರು. ಹೌದು, ಜಪಾನ್ ಶರಣಾಗತಿಗೆ ಸಹಿ ಹಾಕಿದ ಅದೇ ನೌಕೆ. ಮಗ ಅಹ್ಮೆತ್ ಅಮೆರಿಕದಲ್ಲೇ ಉಳಿದು ಅಟ್ಲಾಂಟಿಕ್ ರೆಕಾರ್ಡ್ಸ್ ಕಟ್ಟಿದರು. ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್ ಹಾಡಿದ ರೆಕಾರ್ಡುಗಳು ಬಂದದ್ದು ಅಲ್ಲಿಂದ. ಪಾಳು ಬೀಳುತ್ತಿದ್ದ ಟೆಕ್ಕೆಯನ್ನು 1990ರ ದಶಕದಲ್ಲಿ ರಿಪೇರಿ ಮಾಡಿಸಿದ್ದೂ ಈ ಅಹ್ಮೆತ್. 2006ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ ಮೇಲೆ ಅವರನ್ನೂ ಇಲ್ಲಿಗೇ ತಂದರು. ಈಗ ಆ ಗುಡ್ಡದ ಮೇಲೆ, ಶೇಖರ ಗೋರಿಗಳ ಜೊತೆ, ಅಪ್ಪನ ಹತ್ತಿರವೇ ಮಲಗಿದ್ದಾರೆ.

ನಮಸ್ಕಾರ.