ಕಲ್ಲಿನ ಕಣ, ಕಲ್ಲಿನ ಚಕ್ರ

ಕೇಳುಗರಿಗೆ ನಮಸ್ಕಾರ.

ಕಲ್ಲಿನ ಅಂಗಡಿಯಲ್ಲಿ ಪಾಲಿಶ್ ನಿಲ್ಲುವುದೆಲ್ಲ 'ಗ್ರಾನೈಟ್'. ಚಾಮರಾಜನಗರದ ಹೆಸರಾಂತ ಕಪ್ಪು ಗ್ರಾನೈಟ್ ಭೂವಿಜ್ಞಾನದ ಲೆಕ್ಕದಲ್ಲಿ ಡಾಲರೈಟ್ ಎಂಬ ಬೇರೆಯೇ ಕಲ್ಲು. ವ್ಯಾಪಾರಕ್ಕೆ 'ಗ್ರಾನೈಟ್' ಎಂಬ ಹೆಸರು ಸಾಕು. ಕಲ್ಲು ಹುಟ್ಟಿದ್ದು ಹೇಗೆಂದು ತಿಳಿಯಬೇಕಾದರೆ ಬಣ್ಣ ಬಿಟ್ಟು ಕಣ ನೋಡಬೇಕು: ಎಷ್ಟು ದಪ್ಪ, ಒಂದಕ್ಕೊಂದು ಹೇಗೆ ಕೂತಿದೆ, ಸಾಲು ಹಿಡಿದಿದೆಯೇ. ಇದನ್ನೇ ಕಣವಿನ್ಯಾಸ ಎನ್ನುವುದು.

ಮೊದಲು ಹೊಸ ಮುಖ ತೆಗೆಯಿರಿ. ಬಿಸಿಲು ಮಳೆ ತಿಂದ ಮೇಲ್ಮೈಯನ್ನು ನಂಬಿ ಹೊಸಬರು ಎಡವುತ್ತಾರೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಅಂಚಿಗೆ ಸುತ್ತಿಗೆ ಕೊಟ್ಟು, ಮುಷ್ಟಿಗಾತ್ರದ ಚೂರು ಒಡೆಯಿರಿ. ಲಾಲ್‌ಬಾಗಿನ ಬಂಡೆ, ಮಲ್ಪೆಯ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿ ಸುತ್ತಿಗೆ ಚೀಲದಲ್ಲೇ ಇರಲಿ. ಹತ್ತು ಪಟ್ಟಿನ ಮಸೂರವನ್ನು ಕಣ್ಣಿಗೆ ಹತ್ತಿರ ಹಿಡಿದು, ಕಲ್ಲನ್ನು ಅದರತ್ತ ತನ್ನಿ. ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಕಣ ಸ್ಪಷ್ಟವಾಗುತ್ತದೆ.

ಹರಳುಗಳು ಸಂದಿಲ್ಲದೆ, ಯಾವ ಸಾಲೂ ಹಿಡಿಯದೆ, ಒಂದರೊಳಗೊಂದು ಹೆಣೆದುಕೊಂಡಿದ್ದರೆ ಅಗ್ನಿಶಿಲೆ, ಅಂದರೆ ಕರಗಿದ ಕಲ್ಲು ಆರಿ ಗಟ್ಟಿಯಾದದ್ದು, ಎಂದು ಎಣಿಸಬಹುದು. ಕಣ 5 ಮಿಲಿಮೀಟರ್‌ಗಿಂತ ದಪ್ಪವಿದ್ದರೆ ಸಾಮಾನ್ಯವಾಗಿ ಆಳದಲ್ಲಿ ನಿಧಾನ ಆರಿದ್ದು. 1 ಮಿಲಿಮೀಟರ್‌ಗಿಂತ ಸಣ್ಣದಿದ್ದರೆ ಬೇಗ ಆರಿದ್ದು. ರಾಮನಗರದ ಬಂಡೆಗಳಲ್ಲಿ ಬೆರಳುದ್ದದ ಗುಲಾಬಿ ಫೆಲ್ಡ್‌ಸ್ಪಾರ್ ಖನಿಜದ ಹರಳುಗಳೂ ಸಿಗುತ್ತವೆ. ಬೆಳಗಾವಿ, ಬೀದರ ಕಡೆಯ ಬಸಾಲ್ಟ್ ಲಾವಾವಾಗಿ ಹರಿದು ಆರಿದ್ದು; ಅದರ ಕಣ ಬರಿಗಣ್ಣಿಗೆ ಸಿಗುವುದೇ ಕಷ್ಟ. ಬಸಾಲ್ಟಿನ ತೂತುಗಳು ಅನಿಲದ ಗುಳ್ಳೆಗಳು. ಜಂಬಿಟ್ಟಿಗೆಯಲ್ಲೂ ತೂತುಗಳಿರುತ್ತವೆ, ಹಾಗೆಂದು ಅದನ್ನು ಲಾವಾ ಎನ್ನಬೇಡಿ: ಅದು ಮಳೆನೀರಿಗೆ ಕಲ್ಲು ಕೊಳೆತು, ಕಬ್ಬಿಣ, ಅಲ್ಯೂಮಿನಿಯಂ ಉಳಿದು ಆದದ್ದು. ಆಗಷ್ಟೇ ಅಗೆದಾಗ ಮೆತ್ತಗಿದ್ದು, ಗಾಳಿಗೆ ಗಟ್ಟಿಯಾಗುತ್ತದೆ.

ಮರಳು, ಕೆಸರು ಪದರವಾಗಿ ಕೂತು ಗಟ್ಟಿಯಾದ ಪದರಶಿಲೆಯಲ್ಲಿ ಸಾಮಾನ್ಯವಾಗಿ ಕಣಗಳ ನಡುವೆ ಅಂಟು ಇರುತ್ತದೆ. ಮರಳುಗಲ್ಲಿನ ಕಣ ಮಿಲಿಮೀಟರಿನ ಹದಿನಾರನೇ ಒಂದು ಭಾಗದಿಂದ 2 ಮಿಲಿಮೀಟರಿನವರೆಗೆ. ಬಾದಾಮಿಯ ಬೆಟ್ಟಗಳಲ್ಲಿ ಇದನ್ನು ಧಾರಾಳವಾಗಿ ನೋಡಬಹುದು. ಒಡೆದಾಗ ಬಿರುಕು ಕಣಗಳನ್ನು ಸುತ್ತಿ ಹೋದರೆ ಮರಳುಗಲ್ಲು, ಕಣಗಳನ್ನೇ ಸೀಳಿಕೊಂಡು ಹೋದರೆ ಕ್ವಾರ್ಟ್ಜೈಟ್, ಅಂದರೆ ಕಾವು-ಒತ್ತಡಕ್ಕೆ ಬದಲಾದ ಮರಳುಗಲ್ಲು. ಶಹಾಬಾದ್ ಕಲ್ಲಿನಲ್ಲಿ ಕಣ ಕಾಣದು. ಅಂಥ ಕಲ್ಲಿನ ಮೇಲೆ ಶೇಕಡಾ 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಗೆ ನೊರೆ ಬಂದರೆ ಸುಣ್ಣಕಲ್ಲು. ಸುಣ್ಣಕಲ್ಲನ್ನೇ ಹೋಲುವ, ಮೆಗ್ನೀಷಿಯಂ ಸೇರಿದ ಡಾಲಮೈಟ್ ಆದರೆ ಗೀಚಿ ಪುಡಿ ಮಾಡಿದ ಮೇಲಷ್ಟೇ ಚೆನ್ನಾಗಿ ನೊರೆಯುತ್ತದೆ.

ಕಾವು-ಒತ್ತಡಕ್ಕೆ ಸಿಕ್ಕಿ ಬದಲಾದ ರೂಪಾಂತರ ಶಿಲೆಗಳಲ್ಲಿ ಖನಿಜಗಳು ಹಲವು ವೇಳೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ಲಾಲ್‌ಬಾಗಿನ ನೈಸ್ ಕಲ್ಲಿನ ಕಪ್ಪು-ಬಿಳಿ ಪಟ್ಟೆ ನೋಡಿ ಅದನ್ನು ಪದರಶಿಲೆ ಎನ್ನುವುದುಂಟು. ಪಟ್ಟೆಯೊಳಗೆ ಮಸೂರ ಹಿಡಿಯಿರಿ: ಅಂಟಿಲ್ಲ, ಇರುವುದು ಹೆಣೆದ ಹರಳುಗಳೇ.

ಇನ್ನು ಶಿಲಾಚಕ್ರ, ಅಂದರೆ ಒಂದು ಬಗೆಯ ಕಲ್ಲು ಇನ್ನೊಂದು ಬಗೆಯಾಗುವ ಕ್ರಮ. ಪಠ್ಯಪುಸ್ತಕದ ದುಂಡನೆಯ ಚಿತ್ರ ಸ್ವಲ್ಪ ದಾರಿ ತಪ್ಪಿಸುತ್ತದೆ. ಕಲ್ಲು ಹಾಗೆ ಸರದಿಯಲ್ಲಿ ತಿರುಗುವುದಿಲ್ಲ. ಬೆಂಗಳೂರಿನ ನೈಸ್ ಸುಮಾರು 300 ಕೋಟಿ ವರ್ಷ ಹಳೆಯದು. ಅಂಥ ಹಳೆಯ ನೆಲ ಆಳದಲ್ಲಿ ಕರಗಿದ್ದೂ ಸೇರಿ, ಸುಮಾರು 250 ಕೋಟಿ ವರ್ಷಗಳ ಹಿಂದೆ ರಾಮನಗರದ ಗ್ರಾನೈಟ್ ಹುಟ್ಟಿತು. ರೂಪಾಂತರ ಶಿಲೆಯಿಂದ ನೇರ ಅಗ್ನಿಶಿಲೆ. ಗ್ರಾನೈಟ್ ಸವೆದಾಗ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಬೆಣಚು ಮಾತ್ರ ಮರಳಾಗಿ ಉಳಿಯುತ್ತದೆ. ಮರಳು ಹೂತು ಮರಳುಗಲ್ಲಾಗಬಹುದು, ಕಾವು-ಒತ್ತಡಕ್ಕೆ ಸಿಕ್ಕಿ ಕ್ವಾರ್ಟ್ಜೈಟ್ ಆಗಬಹುದು, ಅಥವಾ ಮರಳುಗಲ್ಲೇ ಮತ್ತೆ ಸವೆದು ಮರಳಾಗಬಹುದು.

ಗುರುತು ಹತ್ತದ ಕಲ್ಲಿಗೆ ಒತ್ತಾಯದಿಂದ ಹೆಸರಿಡಬೇಡಿ. ಸಿಕ್ಕ ಜಾಗ, ಕಣದ ಗಾತ್ರ, ಹೆಣಿಗೆಯೋ ಅಂಟೋ, ಸಾಲು ಉಂಟೋ ಇಲ್ಲವೋ, ಇಷ್ಟನ್ನು ಚೀಟಿಯಲ್ಲಿ ಬರೆದು ಕಲ್ಲಿನ ಜೊತೆಗೇ ಇಡಿ. ನಮಸ್ಕಾರ.