ಕೆಂಜಾರಿನ ರನ್‌ವೇಗೆ ಒಂದು ದೊಡ್ಡ ವಿಮಾನ

ಎಲ್ಲರಿಗೂ ನಮಸ್ಕಾರ. ಎಲ್ಲಿಯೂ ಹಾರದ ಒಂದು ವಿಮಾನವನ್ನು ಇವತ್ತು ನಾವೇ ಕಟ್ಟಿ ನೋಡೋಣ. ಹೆಸರು ‘ಪಡುವಣ-300’. ಎರಡು ಎಂಜಿನ್, ಸಾಲಿಗೆ ಎಂಟು ಸೀಟು, ನಡುವೆ ಓಡಾಡಲು ಎರಡು ದಾರಿ, ಒಟ್ಟು 280 ಪ್ರಯಾಣಿಕರು. ಉದ್ದ 58 ಮೀಟರ್, ರೆಕ್ಕೆಯ ಹರವು 60 ಮೀಟರ್. ಖಾಲಿ ತೂಕ 120 ಟನ್, ಗರಿಷ್ಠ ಟೇಕಾಫ್ ತೂಕ 230 ಟನ್. ವಿಮಾನ ಕಲ್ಪನೆಯದು. ರನ್‌ವೇ ಮಾತ್ರ ನಮ್ಮ ಮಂಗಳೂರಿನ ಕೆಂಜಾರಿನದೇ: 2006ರಲ್ಲಿ ಬಳಕೆಗೆ ಬಂದದ್ದು, 2,450 ಮೀಟರ್ ಉದ್ದ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿ, ಎರಡೂ ತುದಿಯಲ್ಲಿ ಕಣಿವೆ.

ತಯಾರಕರ ಪುಸ್ತಕದಲ್ಲಿ ಟೇಕಾಫ್ ದೂರವನ್ನು ಸಮುದ್ರಮಟ್ಟಕ್ಕೆ, 15 ಡಿಗ್ರಿ ಸೆಲ್ಸಿಯಸ್‌ಗೆ ಕೊಡುತ್ತಾರೆ. ಪಡುವಣ-300ಕ್ಕೆ ಅದು 230 ಟನ್ನಿಗೆ 2,300 ಮೀಟರ್ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಮಧ್ಯಾಹ್ನ 32 ಡಿಗ್ರಿ. ಆ ಬಿಸಿಗೂ ಎತ್ತರಕ್ಕೂ ಸೇರಿ ಗಾಳಿಯ ಸಾಂದ್ರತೆ ಶೇ. 7ರಷ್ಟು ಕಡಿಮೆ. ರೆಕ್ಕೆ ಅಷ್ಟೇ ಎತ್ತುಬಲ ಕೊಡಬೇಕಾದರೆ ವಿಮಾನ ಇನ್ನೂ ವೇಗವಾಗಿ ಓಡಬೇಕು. ಎಂಜಿನ್‌ನ ನೂಕುಬಲವೂ ತುಸು ಇಳಿದಿರುತ್ತದೆ. ದೂರ ಶೇ. 9ರಷ್ಟು ಹೆಚ್ಚಿ ಸುಮಾರು 2,510 ಮೀಟರ್ ಆಗುತ್ತದೆ. ನಮ್ಮಲ್ಲಿರುವುದು 2,450. ಟೇಕಾಫ್ ದೂರ ಹೆಚ್ಚುಕಡಿಮೆ ತೂಕದ ವರ್ಗಕ್ಕೆ (ತೂಕವನ್ನು ತೂಕದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರಿಳಿಯುವುದರಿಂದ ತೂಕವನ್ನು 227 ಟನ್ನಿಗೆ ಇಳಿಸಿದರೆ ಲೆಕ್ಕ ಕೂಡುತ್ತದೆ. ಈ 227 ಅನ್ನು ನೆನಪಿಡಿ, ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಈಗ ಉದ್ದದ ಮಾದರಿ, ಪಡುವಣ-400. ವಿಮಾನ ಉದ್ದ ಮಾಡುವುದೆಂದರೆ ರೆಕ್ಕೆಯ ಮುಂದೊಂದು, ಹಿಂದೊಂದು ಕೊಳವೆಯ ತುಂಡು ಸೇರಿಸುವುದು. ಒಂದೇ ಕಡೆ ಸೇರಿಸಿದರೆ ತೂಕದ ಕೇಂದ್ರ ಜಾರುತ್ತದೆ. ಎಷ್ಟು ಬೇಕೋ ಅಷ್ಟು ಸೇರಿಸಲೂ ಬರುವುದಿಲ್ಲ. ಒಡಲಿನ ಪಕ್ಕೆಲುಬುಗಳಂತಿರುವ ಫ್ರೇಮುಗಳು ನಮ್ಮ ವಿಮಾನದಲ್ಲಿ 53 ಸೆಂಟಿಮೀಟರಿಗೊಂದು ಇವೆ. ಕೆಳಗಿನ ಸರಕಿನ ಅಂಕಣದಲ್ಲಿ ಒಂದು ಎಲ್‌ಡಿ-3 ಕಂಟೇನರಿಗೆ ಮೂರು ಫ್ರೇಮಿನ ಜಾಗ ಬೇಕು. ಹಾಗಾಗಿ ಮುಂದೆ ಒಂಬತ್ತು ಫ್ರೇಮು, ಹಿಂದೆ ಆರು, ಒಟ್ಟು ಎಂಟು ಮೀಟರ್. ಹತ್ತು ಸಾಲು ಸೀಟು ಸಿಗಬೇಕಿತ್ತು. ಹೆಚ್ಚಿನ ಶೌಚಾಲಯ, ಅಡುಗೆ ಕಟ್ಟೆ, ಬಾಗಿಲಿನ ಜಾಗ ಕಳೆದರೆ ಉಳಿಯುವುದು 60 ಸೀಟು. ಒಟ್ಟು 340.

ಬಾಗಿಲಿನ ಜಾಗ ಅಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಎ’ ದರ್ಜೆಯ ಒಂದು ಜೋಡಿ ಬಾಗಿಲಿಗೆ ನಿಯಮದಲ್ಲಿ 110 ಜನರ ಲೆಕ್ಕ. ಮೂರು ಜೋಡಿಯಿದ್ದರೆ 330. 280 ಸೀಟಿನ ವಿಮಾನಕ್ಕೆ ಧಾರಾಳ ಸಾಕು, 340ಕ್ಕೆ ಸಾಲದು. ಹತ್ತೇ ಜನರ ಕೊರತೆಗೆ ನಾಲ್ಕನೇ ಜೋಡಿ ಬಾಗಿಲು, ಅದರ ಚೌಕಟ್ಟು, ಜಾರುಬಂಡಿ ಎಲ್ಲವೂ ಬರಬೇಕು. ಅರ್ಧದಷ್ಟು ಬಾಗಿಲುಗಳನ್ನಷ್ಟೇ ಬಳಸಿ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದೆಂದು ಮತ್ತೆ ತೋರಿಸಿಕೊಡಬೇಕು. ಮೊದಲ ಮಾದರಿಯ ನಕ್ಷೆಯಲ್ಲೇ ಆ ಬಾಗಿಲಿಗೆ ಜಾಗ ಕಾಯ್ದಿರಿಸಿದವನೇ ಜಾಣ ವಿನ್ಯಾಸಕಾರ.

ಇಷ್ಟೆಲ್ಲ ಸೇರಿ ಖಾಲಿ ತೂಕ 128 ಟನ್ ಆಯಿತು. ರೆಕ್ಕೆ ಅದೇ, ಎಂಜಿನ್ ಅದೇ. ಹಾಗಾಗಿ, ಮುಂದೆ ಹೇಳುವ ಬಾಲದ ಮಿತಿಯನ್ನು ಸದ್ಯ ಬದಿಗಿಟ್ಟರೆ, ಕೆಂಜಾರಿನಿಂದ ಏರಬಹುದಾದ ತೂಕವೂ ಅದೇ 227 ಟನ್. ಪ್ರಯಾಣಿಕನಿಗೆ ಲಗೇಜು ಸೇರಿ 100 ಕಿಲೋ, ಜತೆಗೆ ಹತ್ತು ಟನ್ ಸರಕು ಹಿಡಿಯಿರಿ. 300ರಲ್ಲಿ ಇಂಧನಕ್ಕೆ 69 ಟನ್ ಉಳಿಯುತ್ತದೆ, 400ರಲ್ಲಿ ಬರೀ 55. ಗಂಟೆಗೆ ಆರು ಟನ್ ಉರಿದರೂ ಎರಡು ಗಂಟೆಗಿಂತ ಹೆಚ್ಚಿನ ಹಾರಾಟ ಕೈತಪ್ಪಿತು. ಸುಮಾರು ಎರಡೂವರೆ ಸಾವಿರ ಕಿಲೋಮೀಟರ್ ದೂರದ ದುಬೈಗೆ ಮೀಸಲು ಸೇರಿ 30 ಟನ್ ಸಾಕು. ಅಲ್ಲಿಗೆ 400 ಚೆನ್ನಾಗಿಯೇ ಹೋಗಿಬರುತ್ತದೆ. ಯುರೋಪಿಗೆ ಗಿಡ್ಡ ಮಾದರಿಯೇ ಬೇಕು. ಉದ್ದ ಮಾಡಿದ ವಿಮಾನ ಹೆಚ್ಚು ಜನರನ್ನು ಕಡಿಮೆ ದೂರಕ್ಕೆ ಒಯ್ಯುತ್ತದೆ ಎನ್ನುವುದಕ್ಕೆ ಕಾರಣ ಇದು.

ಇಳಿಯುವ ಲೆಕ್ಕ ಇನ್ನೂ ಬಿಗಿ. ನಿಯಮದಂತೆ ಜೆಟ್ ವಿಮಾನವೊಂದು ರನ್‌ವೇಯ ಶೇ. 60ರೊಳಗೆ ನಿಲ್ಲುವಂತಿರಬೇಕು. ಇಡೀ 2,450 ಮೀಟರ್ ಸಿಕ್ಕಿತೆಂದೇ ಹಿಡಿದರೂ ಅದು 1,470. ಒದ್ದೆ ರನ್‌ವೇಗೆ ಬೇಕಾಗುವ ಉದ್ದಕ್ಕೆ ಇನ್ನೂ ಶೇ. 15 ಸೇರಿಸಬೇಕು, ಅಂದರೆ 1,470 ಅನ್ನು 1.15ರಿಂದ ಭಾಗಿಸಬೇಕು. ಉಳಿದದ್ದು ಸುಮಾರು 1,278 ಮೀಟರ್. ಆಟಿ ತಿಂಗಳ ಮಳೆಗೆ ನಮ್ಮ ಲೆಕ್ಕ ಇದೇ. 300 ಇಲ್ಲಿ 166 ಟನ್ ತೂಕದಲ್ಲಿ ಇಳಿದು 1,080 ಮೀಟರಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. 400 ಇಳಿಯುವಾಗ 180 ಟನ್. ಇಳಿಯುವ ವೇಗ ಶೇ. 4ರಷ್ಟು ಏರುತ್ತದೆ, ಬ್ರೇಕು ನುಂಗಬೇಕಾದ ಶಕ್ತಿ ಶೇ. 17ರಿಂದ 18ರಷ್ಟು. ಬ್ರೇಕು ಹಳೆಯದೇ ಆದರೆ ಒರಟು ಲೆಕ್ಕಕ್ಕೆ 1,270 ಮೀಟರ್. ಕಾಗದದ ಮೇಲೆ ಎಂಟು ಮೀಟರ್ ಉಳಿಯಿತು. ನನ್ನ ಅಭಿಪ್ರಾಯದಲ್ಲಿ ಇಂಥ ರನ್‌ವೇಗೆ ಅದು ಉಳಿಕೆಯೇ ಅಲ್ಲ. ಹೊಸ ಬ್ರೇಕು ಹಾಕದೆ 400 ಅನ್ನು ಮಳೆಗಾಲದಲ್ಲಿ ಇಲ್ಲಿಗೆ ತರಬಾರದು.

ಇನ್ನು ಬಾಲ. ಮುಖ್ಯ ಚಕ್ರದಿಂದ ನೆಲಕ್ಕೆ ತಾಗಬಹುದಾದ ಬಾಲದ ಜಾಗಕ್ಕೆ 300ರಲ್ಲಿ 20 ಮೀಟರ್, ಅಲ್ಲಿ ಒಡಲಿನ ಎತ್ತರ 4.6 ಮೀಟರ್. ಮೂತಿಯನ್ನು 13 ಡಿಗ್ರಿವರೆಗೆ ಎತ್ತಬಹುದು. 400ರಲ್ಲಿ ಹಿಂದಿನ ತುಂಡು ಸೇರಿ 23.2 ಮೀಟರ್, ಕೋನ 11 ಡಿಗ್ರಿಗೆ ಇಳಿಯಿತು. ಕಡಿಮೆ ಕೋನದಲ್ಲಿ ಏಳಬೇಕಾದರೆ ಹೆಚ್ಚು ವೇಗ, ಹೆಚ್ಚು ರನ್‌ವೇ. ಬೋಯಿಂಗ್ 777-300 ಇಆರ್‌ನಲ್ಲಿ ಇದಕ್ಕೊಂದು ಸೊಗಸಾದ ಪರಿಹಾರವಿದೆ. ಆರು ಮುಖ್ಯ ಚಕ್ರಗಳನ್ನು ಜೋಡಿಸಿದ ಗಾಡಿಯನ್ನು ಏಳುವ ಹೊತ್ತಿಗೆ ಹೈಡ್ರಾಲಿಕ್ ದಂಡ ಬಿಗಿಹಿಡಿಯುತ್ತದೆ. ವಿಮಾನ ನಡುವಿನ ಅಚ್ಚಿನ ಬದಲು ಹಿಂದಿನ ಅಚ್ಚಿನ ಮೇಲೆ ತಿರುಗಿ, ಬಾಲಕ್ಕೆ ಎತ್ತರ ಸಿಗುತ್ತದೆ.

ತೂಕ ಇನ್ನೂ ಏರಿಸುವುದಾದರೆ ಚಕ್ರವೂ ಹೆಚ್ಚಬೇಕು. 230 ಟನ್ನಿಗೆ ಎಂಟು ಮುಖ್ಯ ಚಕ್ರವಿದ್ದರೆ, ಮೂತಿಯ ಚಕ್ರ ಹೊರುವ ಶೇ. 5ರಷ್ಟನ್ನು ಕಳೆದು, ಒಂದೊಂದರ ಮೇಲೆ ಸುಮಾರು 27 ಟನ್. 253 ಟನ್ನಿಗೆ 30. ರನ್‌ವೇಯ ಪದರ ತಡೆಯಬೇಕಲ್ಲ. ಏರ್‌ಬಸ್ ಎ350-900ಕ್ಕೆ ನಾಲ್ಕು ಚಕ್ರದ ಗಾಡಿ, ಎ350-1000ಕ್ಕೆ ಆರು ಚಕ್ರದ್ದು ಬಂದದ್ದು ಹೀಗೆ. ರೆಕ್ಕೆ ಚಾಚೋಣವೆಂದರೆ 65 ಮೀಟರ್ ದಾಟುವಂತಿಲ್ಲ, ದಾಟಿದರೆ ವಿಮಾನ ನಿಲ್ದಾಣದ ದರ್ಜೆಯೇ ಬದಲಾಗುತ್ತದೆ. 777-300 ಇಆರ್‌ನ ಹರವು 64.8 ಮೀಟರ್. 777-9ರ ರೆಕ್ಕೆ ಆಕಾಶದಲ್ಲಿ 71.8 ಮೀಟರ್, ನೆಲದಲ್ಲಿ ತುದಿ ಮಡಚಿ 64.8ಕ್ಕೇ ಬರುತ್ತದೆ.

ಗಿಡ್ಡ ಮಾಡುವುದು ಸುಲಭ ಎನ್ನುವವರು ಬೋಯಿಂಗ್ 747ರ ಗಿಡ್ಡ ಮಾದರಿಯಾದ 747 ಎಸ್‌ಪಿಯನ್ನು ನೋಡಬೇಕು. ಒಡಲು ಗಿಡ್ಡವಾದಂತೆ ಬಾಲದ ಸನ್ನೆಕೋಲು ಮೊಟಕಾಯಿತು, ಅದಕ್ಕೆ ಲಂಬ ಬಾಲವನ್ನು ಎತ್ತರಿಸಬೇಕಾಯಿತು. ಸೀಟಿಗೆ ಬೀಳುವ ತೂಕ ಹೆಚ್ಚಿತು. ಕಟ್ಟಿದ್ದು 45 ಮಾತ್ರ.

ಸರಕಿನ ಮಾದರಿಗೆ ಮೇಲಿನ ಅಂತಸ್ತಿನಲ್ಲಿ ದೊಡ್ಡ ಬಾಗಿಲು ಬೇಕು. 777ರ ಸರಕು ವಿಮಾನದಲ್ಲಿ ಅದು ಸುಮಾರು 3.7 ಮೀಟರ್ ಅಗಲ, 3 ಮೀಟರ್ ಎತ್ತರ. ನೆಲದ ತೊಲೆಗಳು ಗಟ್ಟಿಯಾಗಬೇಕು. ಇಲ್ಲಿ ಮೊದಲು ಅಡ್ಡ ಬರುವುದು ಇಂಧನವಿಲ್ಲದ ಗರಿಷ್ಠ ತೂಕ: ರೆಕ್ಕೆಯೊಳಗಿನ ಇಂಧನ ರೆಕ್ಕೆಯನ್ನು ಕೆಳಗೆ ಜಗ್ಗಿ ಬಾಗುವಿಕೆಯನ್ನು ತಗ್ಗಿಸುತ್ತದೆ, ಒಡಲಿನ ಸರಕು ಮಾತ್ರ ಇಡೀ ಭಾರವನ್ನು ರೆಕ್ಕೆಯ ಬುಡಕ್ಕೇ ಹೇರುತ್ತದೆ. ಮಂಜುಗಡ್ಡೆ ಹಾಕಿದ ಮಲ್ಪೆಯ ಮೀನಿನಂಥ ಭಾರದ ಸರಕಿಗೆ ಜಾಗ ಮುಗಿಯುವ ಮೊದಲೇ ಈ ಮಿತಿ ಮುಟ್ಟುತ್ತದೆ. ಅದಕ್ಕೇ ಪಡುವಣದ ಸರಕು ವಿಮಾನಕ್ಕೆ ನಾನು ಆರಿಸುವುದು 300ರ ಒಡಲನ್ನು. ಬೋಯಿಂಗ್ ಕೂಡ 777ರ ಸರಕು ವಿಮಾನವನ್ನು ಕಟ್ಟಿದ್ದು ಉದ್ದದ 777-300ರ ಮೇಲಲ್ಲ, ಗಿಡ್ಡ 777-200 ಎಲ್‌ಆರ್‌ನ ಒಡಲಿನ ಮೇಲೆ.